ಮರಳಿಂದ ಎಣ್ಣೆ ತೆಗೆದ ಕಥೆ: ಕಾದವರು ಯಾರು, ಗಳಿಸಿದವರು ಯಾರು?

 

ಮರಳು ಹಿಂಡಿದ್ರೆ ಎಣ್ಣೆ ಬರುತ್ತಾ? ಆಗದ ಕೆಲಸಕ್ಕೆ ನಮ್ಮಲ್ಲಿ ಹೇಳೋ ಮಾತು ಇದು. ಭರ್ತೃಹರಿ ತನ್ನ ನೀತಿಶತಕದಲ್ಲಿ ಸ್ವಲ್ಪ ರಿಯಾಯಿತಿ ಕೊಟ್ಟಿದ್ದಾನೆ. ಪ್ರಯತ್ನಪಟ್ಟರೆ ಮರಳಿಂದಲೂ ಎಣ್ಣೆ ತೆಗೆಯಬಹುದೇನೋ, ಆದರೆ ಹಠ ಹಿಡಿದ ಮೂರ್ಖನ ಮನಸ್ಸು ಒಲಿಸೋದು ಆಗಲ್ಲ ಅಂತಾನೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯ ಆ ಮಾತಿನ ಮೊದಲರ್ಧವನ್ನ ಅಕ್ಷರಶಃ ನಿಜ ಮಾಡಿದೆ. ಅಲ್ಲಿ ಇವತ್ತು ದಿನಕ್ಕೆ 30 ಲಕ್ಷ ಬ್ಯಾರೆಲ್‌ಗೂ ಹೆಚ್ಚು ಎಣ್ಣೆ ಬರ್ತಿರೋದು ಮರಳಿಂದ.

ಇದರ ಸುತ್ತ ನಡೆಯೋ ಜಗಳ ನೀವು ಕೇಳಿರ್ತೀರ. ಒಂದು ಕಡೆಯವರು "ಭೂಮಿ ಸುಡ್ತಿದೆ, ಇದನ್ನ ನಿಲ್ಲಿಸಿ, ಗಾಳಿ-ಬಿಸಿಲಿಗೆ ಬನ್ನಿ" ಅಂತಾರೆ. ಇನ್ನೊಂದು ಕಡೆಯವರು "ಅದೆಲ್ಲ ಸಬ್ಸಿಡಿ ಮೇಲೆ ನಿಂತಿರೋ ಕನಸು, ಎಣ್ಣೆ ಮಾರ್ಕೆಟ್ ಮೇಲೆ ನಿಂತಿರೋ ವಾಸ್ತವ" ಅಂತಾರೆ. ನಾನು ಬಿ.ಕಾಂ ಓದಿದವನು. ಎರಡನೇ ಮಾತು ಕೇಳಿದಾಗ ಹಳೇ ಲೆಕ್ಕದ ಪುಸ್ತಕ ತೆಗೆದು ನೋಡೋಣ ಅನ್ನಿಸ್ತು. ಮರಳಿನ ಎಣ್ಣೆ ನಿಜಕ್ಕೂ ಮಾರ್ಕೆಟ್ ಕೂಸಾ? ಇವತ್ತಿನ ಸಂಚಿಕೆ ಅದರ ಬಗ್ಗೆ.

ದೋಣಿಗೆ ಮೆತ್ತುತ್ತಿದ್ದ ಡಾಂಬರು

ಮೊದಲು ಜಾಗ ನೋಡಿಬಿಡೋಣ. ಆಲ್ಬರ್ಟಾದ ಉತ್ತರ ಭಾಗ. ದಟ್ಟ ಕಾಡು, ಜೌಗು ನೆಲ, ನಡುವೆ ಅಥಾಬಾಸ್ಕಾ ನದಿ. ನದಿ ಪಕ್ಕ ಫೋರ್ಟ್ ಮೆಕ್‌ಮರ್ರಿ ಅನ್ನೋ ಊರು. ನದಿ ಉತ್ತರಕ್ಕೆ ಹರಿಯುತ್ತೆ, ಕೆಳಗಡೆ ಹೋದರೆ ಸರೋವರದ ದಡದಲ್ಲಿ ಫೋರ್ಟ್ ಚಿಪೆವಾಯನ್ ಅನ್ನೋ ಇನ್ನೊಂದು ಸಣ್ಣ ಊರು. ಈ ಎರಡು ಹೆಸರು ನೆನಪಿಟ್ಕೊಳ್ಳಿ. ಮೇಲಿನ ಊರಲ್ಲಿ ಗಣಿ, ಕೆಳಗಿನ ಊರಲ್ಲಿ ಅದೇ ನದಿ ನೀರು.

ಆಲ್ಬರ್ಟಾದಲ್ಲಿ ಈ ಎಣ್ಣೆ ಮರಳು ಹರಡಿರೋ ಪ್ರದೇಶ ಸುಮಾರು 1,42,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮುಕ್ಕಾಲು ಪಾಲಿಗೆ ಹತ್ತಿರ ಅಂದುಕೊಳ್ಳಿ. ಮರಳಿನ ಒಂದೊಂದು ಕಣದ ಸುತ್ತ ತೆಳುವಾಗಿ ನೀರು, ಅದರ ಮೇಲೆ ಬಿಟುಮೆನ್, ಅಂದ್ರೆ ರಸ್ತೆಗೆ ಹಾಕೋ ಡಾಂಬರಿನಂಥ ಗಟ್ಟಿ ಎಣ್ಣೆ. ಚಳಿಯಲ್ಲಿ ಕಲ್ಲಿನ ಹಾಗೆ ಗಟ್ಟಿ, ಬೇಸಿಗೆಯಲ್ಲಿ ಕಾಕಂಬಿ ಹಾಗೆ ಅಂಟು.

ಕ್ರೀ ಮತ್ತು ಡೆನೆ ಜನ ಇದನ್ನ ಎಷ್ಟೋ ಕಾಲದಿಂದ ಬಳಸ್ತಿದ್ರು. ಮರದ ಅಂಟಿನ ಜೊತೆ ಬೆರೆಸಿ ದೋಣಿಯ ಸಂದಿಗೆ ಮೆತ್ತಿದ್ರೆ ನೀರು ಒಳಗೆ ಬರ್ತಿರಲಿಲ್ಲ. 1719ರಲ್ಲಿ ವಾ-ಪಾ-ಸು ಅನ್ನೋ ಕ್ರೀ ಮನುಷ್ಯ ಇದರ ಒಂದು ಮಾದರಿಯನ್ನ ಹಡ್ಸನ್ಸ್ ಬೇ ಕಂಪನಿಯ ಯಾರ್ಕ್ ಫ್ಯಾಕ್ಟರಿ ಕೋಠಿಗೆ ತಂದುಕೊಟ್ಟ. ಕಂಪನಿಗೆ ಆಗ ಬೇಕಿದ್ದದ್ದು ತುಪ್ಪಳದ ಚರ್ಮ. ಡಾಂಬರಿಗೆ ಗಿರಾಕಿ ಇರಲಿಲ್ಲ.

1899ರಲ್ಲಿ ಬ್ರಿಟಿಷ್ ರಾಜಸತ್ತೆಯ ಹೆಸರಲ್ಲಿ ಕೆನಡಾ ಸರ್ಕಾರ ಇಲ್ಲಿನ ಮೂಲನಿವಾಸಿಗಳ ಜೊತೆ "ಟ್ರೀಟಿ 8" ಅನ್ನೋ ಒಪ್ಪಂದ ಮಾಡ್ಕೊಂಡಿತು. ಬೇಟೆ, ಮೀನುಗಾರಿಕೆ ನಿಮ್ಮ ಹಕ್ಕಾಗಿ ಉಳಿಯುತ್ತೆ ಅಂತ ಮಾತು ಕೊಟ್ಟಿತು. ಈ ಮಾತು ಮುಂದೆ ಮತ್ತೆ ಬರುತ್ತೆ.

ಸರ್ಕಾರದ ಸಂಬಳ, ಬಿಸಿನೀರಿನ ಉಪಾಯ

ಎಣ್ಣೆಜಿಡ್ಡಿನ ಬಾಣಲೆ ಹೇಗೆ ತೊಳೀತೀವಿ? ಬಿಸಿನೀರು, ಸೋಪು, ಚೆನ್ನಾಗಿ ಕಲಕೋದು. ಜಿಡ್ಡು ನೊರೆಯಾಗಿ ಮೇಲೆ ಬರುತ್ತೆ. ಕಾರ್ಲ್ ಕ್ಲಾರ್ಕ್ ಅನ್ನೋ ಕೆಮಿಸ್ಟ್ 1920ರ ದಶಕದಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದೇ. ಮರಳಿಗೆ ಬಿಸಿನೀರು ಹಾಕಿ, ಕಾಸ್ಟಿಕ್ ಸೋಡಾ ಸೇರಿಸಿ ಕಲಕಿದ್ರೆ ಮರಳು ತಳಕ್ಕೆ ಹೋಗಿ, ಬಿಟುಮೆನ್ ನೊರೆಯಾಗಿ ತೇಲುತ್ತೆ. ಉಪಾಯ ಕ್ಲಾರ್ಕ್‌ಗೂ ಮುಂಚೆ ಕೆಲವರಿಗೆ ಹೊಳೆದಿತ್ತು. ಅದನ್ನ ಹದಕ್ಕೆ ತಂದು, ದೊಡ್ಡ ಪ್ರಮಾಣದಲ್ಲಿ ಆಗೋ ಹಾಗೆ ಮಾಡಿದ್ದು ಅವನು.

ಗಮನಿಸಬೇಕಾದ್ದು ಏನು ಗೊತ್ತಾ? ಕ್ಲಾರ್ಕ್ ಯಾವುದೇ ಎಣ್ಣೆ ಕಂಪನಿಯ ನೌಕರ ಅಲ್ಲ. ಅವನ ಸಂಬಳ ಬರ್ತಿದ್ದದ್ದು ಆಲ್ಬರ್ಟಾ ಸರ್ಕಾರದ ಸಂಶೋಧನಾ ಮಂಡಳಿಯಿಂದ, ಕೂತು ಕೆಲಸ ಮಾಡ್ತಿದ್ದದ್ದು ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ. ಖಾಸಗಿಯವರು ಕೈ ಹಾಕಲೇ ಇಲ್ಲ ಅಂತಲ್ಲ. ರಾಬರ್ಟ್ ಫಿಟ್ಜ್‌ಸಿಮನ್ಸ್ ಅನ್ನೋನು ಬಿಟುಮೌಂಟ್ ಅನ್ನೋ ಜಾಗದಲ್ಲಿ ಘಟಕ ಕಟ್ಟಿ ಸಾಲದಲ್ಲಿ ಮುಳುಗಿದ. ಅಬಾಸ್ಯಾಂಡ್ ಅನ್ನೋ ಇನ್ನೊಂದು ಘಟಕ 1941ರಲ್ಲಿ ಸುಟ್ಟುಹೋಯ್ತು, ಮತ್ತೆ ಕಟ್ಟಿದ್ರು, 1945ರಲ್ಲಿ ಮತ್ತೆ ಸುಟ್ಟಿತು. ಕೊನೆಗೆ 1940ರ ದಶಕದ ಕೊನೇಲಿ ಬಿಟುಮೌಂಟ್‌ನಲ್ಲಿ ಪ್ರಾಯೋಗಿಕ ಘಟಕ ನಡೆಸಿ ತೋರಿಸಿದ್ದೂ ಪ್ರಾಂತೀಯ ಸರ್ಕಾರವೇ. 1950ರಲ್ಲಿ ಸರ್ಕಾರಕ್ಕಾಗಿ ಸಿಡ್ನಿ ಬ್ಲೇರ್ ಅನ್ನೋ ಎಂಜಿನಿಯರ್ ವರದಿ ಬರೆದ. ಬ್ಯಾರೆಲ್‌ಗೆ ಸುಮಾರು 3.10 ಡಾಲರ್ ಖರ್ಚು, 3.50 ಡಾಲರ್ ಬೆಲೆ ಸಿಗುತ್ತೆ, ಲಾಭ ಇದೆ ಅಂದ.

ಅಷ್ಟರಲ್ಲಿ ಒಂದು ತಮಾಷೆ ಆಗಿತ್ತು. 1947ರ ಫೆಬ್ರವರಿಯಲ್ಲಿ ಎಡ್ಮಂಟನ್ ಹತ್ತಿರ ಲೆಡಕ್‌ನಲ್ಲಿ ಮಾಮೂಲಿ ಎಣ್ಣೆ ಸಿಕ್ಕಿತು. ಬಾವಿ ಕೊರೆದ್ರೆ ತಾನೇ ಉಕ್ಕೋ ಎಣ್ಣೆ ಇರೋವಾಗ ಮರಳು ತೊಳೆಯೋಕೆ ಯಾರು ಬರ್ತಾರೆ?

ಸಾಲದ್ದಕ್ಕೆ 1962ರಲ್ಲಿ ಸರ್ಕಾರ ಒಂದು ನೀತಿ ತಂದಿತು. ಬಾವಿ ಎಣ್ಣೆಯವರಿಗೆ ತೊಂದರೆ ಆಗಬಾರದು, ಅವರ ಮಾರುಕಟ್ಟೆಯಲ್ಲಿ ಮರಳಿನ ಎಣ್ಣೆ ಶೇ. 5ರಷ್ಟು ಮಾತ್ರ ಇರಬಹುದು ಅಂತ. ಅಂದ್ರೆ ಹೊಸ ಎನರ್ಜಿ ಬಂದು ಹಳೇದರ ಹೊಟ್ಟೆ ಮೇಲೆ ಹೊಡೀಬಾರದು ಅಂತ ಬ್ರೇಕ್ ಹಾಕಿದ್ರು. ಆಗ ಬ್ರೇಕ್ ಬಿದ್ದಿದ್ದು ಮರಳಿನ ಎಣ್ಣೆಗೆ. ಇದನ್ನೂ ನೆನಪಿಟ್ಕೊಳ್ಳಿ.

ಅಣುಬಾಂಬ್ ಹಾಕೋಣ ಅಂದಿದ್ರು!

ಇದು ಜೋಕ್ ಅಲ್ಲ. 1950ರ ದಶಕದ ಕೊನೇಲಿ ರಿಚ್‌ಫೀಲ್ಡ್ ಆಯಿಲ್ ಕಂಪನಿಯ ಭೂವಿಜ್ಞಾನಿ ಮ್ಯಾನ್ಲಿ ನ್ಯಾಟ್‌ಲ್ಯಾಂಡ್ ಒಂದು ಪ್ರಸ್ತಾಪ ಇಟ್ಟ. ಎಣ್ಣೆ ಮರಳಿನ ಕೆಳಗೆ 9 ಕಿಲೋಟನ್ ಅಣುಬಾಂಬ್ ಸಿಡಿಸೋದು. ಶಾಖಕ್ಕೆ ಬಿಟುಮೆನ್ ಕರಗಿ ನೀರಾಗುತ್ತೆ, ಪಂಪ್ ಹಾಕಿ ಎತ್ತೋದು. ಯೋಜನೆಯ ಹೆಸರು ಮೊದಲು "ಕಾಲ್‌ಡ್ರನ್", ಅಂದ್ರೆ ಹಂಡೆ. ಹೆಸರು ಕೇಳಿ ಜನ ಗಾಬರಿಯಾಗ್ತಾರೆ ಅಂತ ಆಮೇಲೆ "ಆಯಿಲ್‌ಸ್ಯಾಂಡ್" ಅಂತ ಬದಲಾಯಿಸಿದ್ರು. ಅಧಿಕಾರಿಗಳು ಇದನ್ನ ಗಂಭೀರವಾಗೇ ಪರಿಶೀಲಿಸಿದ್ರು. ಕೊನೆಗೆ ಪ್ರಧಾನಿ ಜಾನ್ ಡೀಫೆನ್‌ಬೇಕರ್ ಸರ್ಕಾರ ಅಣ್ವಸ್ತ್ರ ಪರೀಕ್ಷೆಗಳ ವಿರುದ್ಧ ನಿಲುವು ತಗೊಂಡಾಗ ಫೈಲ್ ಮುಚ್ಚಿತು. ಹಳೇ ಕಾಲದ ಹುಚ್ಚು ಅಂತ ನಗಬಹುದು. ಆದರೆ ಈ ಎಣ್ಣೆ ಕಕ್ಕಿಸೋದು ಎಷ್ಟು ಕಷ್ಟ ಇತ್ತು ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

1967ರ ಸೆಪ್ಟೆಂಬರ್ 30. ಗ್ರೇಟ್ ಕೆನೇಡಿಯನ್ ಆಯಿಲ್ ಸ್ಯಾಂಡ್ಸ್ ಘಟಕ ಉದ್ಘಾಟನೆ. ಅಮೆರಿಕದ ಸನ್ ಆಯಿಲ್ ಕಂಪನಿಯ ಜೆ. ಹೊವಾರ್ಡ್ ಪ್ಯೂ ಬೆನ್ನಿಗೆ ನಿಂತು ಸುಮಾರು 24 ಕೋಟಿ ಡಾಲರ್ ಸುರಿಸಿದ್ದ. ದಿನಕ್ಕೆ 45,000 ಬ್ಯಾರೆಲ್ ಗುರಿ. ಇವತ್ತಿನ ಸನ್‌ಕಾರ್ ಕಂಪನಿ ಹುಟ್ಟಿದ್ದು ಅಲ್ಲಿಂದ. ಜೀವನ ಪೂರ್ತಿ ಈ ಮರಳು ತೊಳೆದ ಕಾರ್ಲ್ ಕ್ಲಾರ್ಕ್ ಮಾತ್ರ ಅದನ್ನ ನೋಡಲಿಲ್ಲ. 1966ರ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದ. ಆ ಘಟಕವೂ ಮೊದಲ ವರ್ಷಗಳಲ್ಲಿ ನಷ್ಟದಲ್ಲೇ ನಡೀತು.

1975ರ ಆ ಮೀಟಿಂಗ್

1973ರಲ್ಲಿ ಅರಬ್ ದೇಶಗಳ ತೈಲ ನಿರ್ಬಂಧ. ಬ್ಯಾರೆಲ್‌ಗೆ 3 ಡಾಲರ್ ಆಸುಪಾಸು ಇದ್ದದ್ದು ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯ್ತು. ಇನ್ನೇನು ಮರಳಿನ ಎಣ್ಣೆಗೆ ಶುಕ್ರದೆಸೆ ಅಂತ ಎಲ್ಲರೂ ಅಂದುಕೊಂಡ್ರು. ಸಿಂಕ್ರೂಡ್ ಅನ್ನೋ ಎರಡನೇ ದೊಡ್ಡ ಯೋಜನೆ ಶುರುವಾಗಿತ್ತು. ಖರ್ಚು ಮಾತ್ರ ಏರ್ತಾನೇ ಹೋಯ್ತು. 1974ರ ಕೊನೇಲಿ ಪಾಲುದಾರ ಕಂಪನಿ ಅಟ್ಲಾಂಟಿಕ್ ರಿಚ್‌ಫೀಲ್ಡ್ "ನಮ್ಮ ಕೈಲಿ ಆಗಲ್ಲ" ಅಂತ ಎದ್ದು ಹೋಯ್ತು.

1975ರ ಫೆಬ್ರವರಿ, ವಿನಿಪೆಗ್ ನಗರದಲ್ಲಿ ತುರ್ತು ಸಭೆ. ಫಲಿತಾಂಶ? ಕೆನಡಾ ಕೇಂದ್ರ ಸರ್ಕಾರ ಶೇ. 15, ಆಲ್ಬರ್ಟಾ ಸರ್ಕಾರ ಶೇ. 10, ಒಂಟಾರಿಯೋ ಸರ್ಕಾರ ಶೇ. 5 ಪಾಲು ತಗೊಂಡವು. ಒಟ್ಟು ಶೇ. 30 ಬಂಡವಾಳ ಜನರ ತೆರಿಗೆ ದುಡ್ಡು. 1978ರಲ್ಲಿ ಸಿಂಕ್ರೂಡ್ ಎಣ್ಣೆ ಕೊಡೋಕೆ ಶುರು ಮಾಡಿತು. ಆಮೇಲೆ ಹಂತಹಂತವಾಗಿ ಆ ಪಾಲುಗಳೆಲ್ಲ ಸರ್ಕಾರಗಳ ಕೈಬಿಟ್ಟು ಹೋದವು.

ಇಷ್ಟಕ್ಕೇ ಮುಗೀಲಿಲ್ಲ. ಮರಳಿನ ಬಹುಪಾಲು ತುಂಬಾ ಆಳದಲ್ಲಿದೆ, ಅಗೆದು ತೆಗೆಯೋಕೆ ಆಗಲ್ಲ. ಅಲ್ಲಿಗೆ ಹಬೆ ಕಳಿಸಿ ಕರಗಿಸಬೇಕು. ಆ ವಿದ್ಯೆಗಾಗಿ 1974ರಲ್ಲಿ ಪ್ರೀಮಿಯರ್ ಪೀಟರ್ ಲಾಹೀಡ್ 10 ಕೋಟಿ ಡಾಲರ್ ಇಟ್ಟು ಒಂದು ಸರ್ಕಾರಿ ಸಂಸ್ಥೆ ಕಟ್ಟಿದ. ಪ್ರೀಮಿಯರ್ ಅಂದ್ರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ರೋಜರ್ ಬಟ್ಲರ್ ಅನ್ನೋ ಎಂಜಿನಿಯರ್‌ನ ಜೋಡಿ ಕೊಳವೆಬಾವಿ ಉಪಾಯ, ಮೇಲಿನ ಕೊಳವೆಯಲ್ಲಿ ಹಬೆ, ಕೆಳಗಿನದರಲ್ಲಿ ಕರಗಿದ ಎಣ್ಣೆ, ನೆಲದಾಳದಲ್ಲಿ ಸಾಬೀತಾಗಿದ್ದು ಆ ಸಂಸ್ಥೆಯ ಪರೀಕ್ಷಾ ಕೇಂದ್ರದಲ್ಲೇ. ಇವತ್ತು ಕಂಪನಿಗಳಿಗೆ ದುಡ್ಡು ತರ್ತಿರೋ ವಿಧಾನ ಅದು.

1990ರ ದಶಕದಲ್ಲಿ ರಾಯಲ್ಟಿ ನಿಯಮವೂ ಬದಲಾಯ್ತು. ಹಾಕಿದ ಬಂಡವಾಳ ವಾಪಸ್ ಬರೋವರೆಗೆ ಕಂಪನಿ ಕೊಡಬೇಕಾದ್ದು ಆದಾಯದ ಶೇ. 1 ಮಾತ್ರ. ಆಮೇಲೆ ನಿವ್ವಳ ಲಾಭದ ಶೇ. 25. ವ್ಯಾಪಾರದ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಮಾಲೀಕ ಬಾಡಿಗೆದಾರನಿಗೆ "ಅಂಗಡಿ ಕಟ್ಟಿದ ಖರ್ಚು ಹುಟ್ಟೋವರೆಗೆ ಹೆಸರಿಗೊಂದಿಷ್ಟು ಬಾಡಿಗೆ ಕೊಡಪ್ಪ ಸಾಕು" ಅಂದ ಹಾಗೆ. ಬಂಡವಾಳ ಪ್ರವಾಹದ ಹಾಗೆ ಬಂತು.

ಸರ್ಕಾರ ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಹೊಸ ತಂತ್ರಜ್ಞಾನ ಕಾಲೂರೋಕೆ ಯಾರಾದ್ರೂ ಕಾಯಬೇಕು, ನಷ್ಟ ತಡ್ಕೋಬೇಕು. ಕ್ಲಾರ್ಕ್‌ನ ಪ್ರಯೋಗದಿಂದ ಮೊದಲ ದೊಡ್ಡ ಘಟಕಕ್ಕೆ 40 ವರ್ಷಕ್ಕೂ ಹೆಚ್ಚು ಹಿಡೀತು. ಹೇಳ್ತಿರೋದು ಇಷ್ಟೇ: ಇದು ಮಾರ್ಕೆಟ್ ಕೂಸಲ್ಲ. ಸರ್ಕಾರದ ತೊಡೆ ಮೇಲೆ ಬೆಳೆದ ಕೂಸು.

ಕೆಳಗಿನ ಊರಿನ ಖಾತೆ

ಖರ್ಚಿನ ಇನ್ನೊಂದು ಖಾತೆ ಇದೆ. ಒಂದು ಬ್ಯಾರೆಲ್‌ಗೆ ಸುಮಾರು ಎರಡು ಟನ್ ಮರಳು ಅಗೀಬೇಕು. ತೊಳೆದು ಉಳಿದ ನೀರು, ಕೆಸರು, ಎಣ್ಣೆಜಿಡ್ಡು ಎಲ್ಲಾ ದೊಡ್ಡ ದೊಡ್ಡ ಕೆರೆಗಳಲ್ಲಿ ನಿಂತಿದೆ. ಟೇಲಿಂಗ್ಸ್ ಪಾಂಡ್ ಅಂತಾರೆ. ಈಗ ಅಲ್ಲಿರೋ ಕೊಳಕು 1 ಲಕ್ಷ ಕೋಟಿ ಲೀಟರ್‌ಗೂ ಹೆಚ್ಚು. 2008ರ ಏಪ್ರಿಲ್‌ನಲ್ಲಿ ವಲಸೆ ಬಂದ ಬಾತುಕೋಳಿಗಳು ಸಿಂಕ್ರೂಡ್‌ನ ಒಂದು ಪಾಂಡ್‌ನಲ್ಲಿ ಇಳಿದವು. 1,600ಕ್ಕೂ ಹೆಚ್ಚು ಸತ್ತವು. ಕಂಪನಿಗೆ 30 ಲಕ್ಷ ಡಾಲರ್ ದಂಡ ಬಿತ್ತು.

ಫೋರ್ಟ್ ಚಿಪೆವಾಯನ್ ಊರಲ್ಲಿ ಅಪರೂಪದ ಕ್ಯಾನ್ಸರ್‌ಗಳು ಕಾಣ್ತಿವೆ ಅಂತ 2006ರಲ್ಲಿ ಅಲ್ಲಿನ ವೈದ್ಯ ಜಾನ್ ಓ'ಕಾನರ್ ಬಹಿರಂಗವಾಗಿ ಹೇಳಿದ್ರು. ಸರ್ಕಾರಿ ವೈದ್ಯರೇ ಅವರ ಮೇಲೆ ದೂರು ಕೊಟ್ಟರು. 2009ರಲ್ಲಿ ಆಲ್ಬರ್ಟಾ ಕ್ಯಾನ್ಸರ್ ಮಂಡಳಿಯ ಅಧ್ಯಯನ ಬಂತು. 39 ಪ್ರಕರಣ ನಿರೀಕ್ಷೆ ಇದ್ದಲ್ಲಿ 51 ಇತ್ತು. ಕಾರಣ ಗಣಿಯೇ ಅಂತ ಆ ಅಧ್ಯಯನ ಹೇಳಲಿಲ್ಲ, ಅದನ್ನ ಮುಚ್ಚಿಡಬಾರದು. ಆದರೆ ಆ ಊರಿನ ಭಯಕ್ಕೆ ಆಧಾರವೇ ಇಲ್ಲ ಅನ್ನೋಕೂ ಆಗಲ್ಲ. 2022ರ ಮೇನಲ್ಲಿ ಇಂಪೀರಿಯಲ್ ಆಯಿಲ್‌ನ ಕರ್ಲ್ ಗಣಿಯಲ್ಲಿ ಟೇಲಿಂಗ್ಸ್ ನೀರು ಸೋರ್ತಿರೋದು ಕಂಡಿತ್ತು. ಕೆಳಗಿನ ಊರುಗಳಿಗೆ ಪೂರ್ತಿ ವಿಷಯ ಗೊತ್ತಾಗಿದ್ದು 2023ರ ಫೆಬ್ರವರಿಯಲ್ಲಿ, ಅದೂ 53 ಲಕ್ಷ ಲೀಟರ್ ಇನ್ನೊಂದು ಕೊಳದಿಂದ ಉಕ್ಕಿ ಹರಿದಮೇಲೆ. ಅಷ್ಟೂ ತಿಂಗಳು ಅದೇ ಕಡೆ ಬೇಟೆಯಾಡಿ, ಮೀನು ಹಿಡಿದು ಜನ ತಿಂದಿದ್ದಾರೆ. 1899ರ ಆ ಮಾತು ನೆನಪಿದೆಯಲ್ಲ?

ಹಾಗಂತ ಮೂಲನಿವಾಸಿಗಳೆಲ್ಲ ಒಂದೇ ದನಿ ಅಂದುಕೊಂಡ್ರೆ ಅದೂ ತಪ್ಪು. ಗಣಿಗಳ ನಡುವೆಯೇ ಇರೋ ಫೋರ್ಟ್ ಮೆಕೇ ಸಮುದಾಯ ತನ್ನದೇ ಕಂಪನಿಗಳನ್ನ ಕಟ್ಟಿ ದುಡಿದಿದೆ. 2017ರಲ್ಲಿ ಅವರೂ ಮಿಕಿಸ್ಯೂ ಕ್ರೀ ಸಮುದಾಯವೂ ಸೇರಿ ಸನ್‌ಕಾರ್‌ನ ಒಂದು ತೈಲ ಸಂಗ್ರಹಾಗಾರದಲ್ಲಿ ಶೇ. 49 ಪಾಲನ್ನ ಸುಮಾರು 50 ಕೋಟಿ ಡಾಲರ್‌ಗೆ ಕೊಂಡರು. ಮನೆ ಬಾಗಿಲಲ್ಲಿ ಗಣಿ ಇದ್ದೇ ಇರುತ್ತೆ ಅಂದಮೇಲೆ ಪಾಲಾದ್ರೂ ಇರಲಿ ಅನ್ನೋ ಲೆಕ್ಕ. ಅದನ್ನ ದೂರದಲ್ಲಿ ಕೂತು ಬೈಯೋ ಹಕ್ಕು ನಮಗಿಲ್ಲ.

ಕಾರ್ಮಿಕರ ಕಥೆಯೂ ಹಾಗೇ. 1992ರಲ್ಲಿ ಅಟ್ಲಾಂಟಿಕ್ ಕರಾವಳಿಯ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾಡ್ ಮೀನು ಮುಗಿದು ಮೀನುಗಾರಿಕೆ ನಿಂತಾಗ ಅಲ್ಲಿನ ಎಷ್ಟೋ ಮನೆಗಳ ಒಲೆ ಉರಿಸಿದ್ದು ಫೋರ್ಟ್ ಮೆಕ್‌ಮರ್ರಿ ಸಂಬಳ. ಅಂಥವರಿಗೆ "ನಾಳೆಯಿಂದ ಗಣಿ ಬಂದ್" ಅಂದ್ರೆ ಸುಮ್ಮನೆ ಇರ್ತಾರಾ? 2014ರ ನಂತರ ತೈಲ ಬೆಲೆ ಕುಸಿದಾಗ ಸಾವಿರಾರು ಜನ ಕೆಲಸ ಕಳ್ಕೊಂಡ್ರು. 2016ರ ಮೇನಲ್ಲಿ ಕಾಡ್ಗಿಚ್ಚು ಬಂದು 80,000ಕ್ಕೂ ಹೆಚ್ಚು ಜನ ಊರೇ ಬಿಟ್ಟರು, ಸುಮಾರು 2,400 ಕಟ್ಟಡ ಸುಟ್ಟವು. ಆ ಹೊತ್ತಲ್ಲಿ ಮರಳು ಗಣಿಯ ಕೆಲಸಗಾರರೇ ಕಟ್ಟಿದ "ಐರನ್ ಅಂಡ್ ಅರ್ತ್" ಅನ್ನೋ ಸಂಘಟನೆ ಇತ್ತು. ಅವರ ಬೇಡಿಕೆ: ನಮಗೆ ವೆಲ್ಡಿಂಗ್ ಬರುತ್ತೆ, ವೈರಿಂಗ್ ಬರುತ್ತೆ, ಸೋಲಾರ್ ಹಾಕೋದನ್ನ ಕಲಿಸಿ.

ಅದೇ ನೆಲದ ಗಾಳಿ, ಬಿಸಿಲು

ಇನ್ನು ಹಸಿರು ಶಕ್ತಿ. ಕೆನಡಾದ ಮೊದಲ ವಾಣಿಜ್ಯ ವಿಂಡ್ ಫಾರ್ಮ್ ಎಲ್ಲಿತ್ತು? ಇದೇ ಆಲ್ಬರ್ಟಾದಲ್ಲಿ. ದಕ್ಷಿಣದ ಕೌಲಿ ರಿಡ್ಜ್, 1993. ಆ ದೇಶದಲ್ಲಿ ಒಳ್ಳೇ ಬಿಸಿಲು ಬೀಳೋ ಜಾಗಗಳಲ್ಲೂ ಇದು ಒಂದು. 2022ರಲ್ಲಿ ಕೆನಡಾ ಪೂರ್ತಿ ಸೇರಿಸಿದ ಹೊಸ ಗಾಳಿ-ಸೌರ ವಿದ್ಯುತ್ತಿನ ಮುಕ್ಕಾಲು ಪಾಲಿಗೂ ಹೆಚ್ಚು ಆಲ್ಬರ್ಟಾದ್ದು. 465 ಮೆಗಾವ್ಯಾಟ್‌ನ ಟ್ರಾವರ್ಸ್ ಸೋಲಾರ್ ಅಲ್ಲೇ ಇದೆ. ಅಲ್ಲಿನ ವಿದ್ಯುತ್ ಮಾರುಕಟ್ಟೆ ಮುಕ್ತ, ಕಂಪನಿಗಳು ನೇರವಾಗಿ ಒಪ್ಪಂದ ಮಾಡ್ಕೊಂಡು ಕರೆಂಟ್ ಕೊಳ್ತವೆ. ಅಂದ್ರೆ ಈ ಬಾರಿ ಮಾರ್ಕೆಟ್ ನಿಜಕ್ಕೂ ತಾನಾಗೇ ಬಂದಿತ್ತು.

2023ರ ಆಗಸ್ಟ್‌ನಲ್ಲಿ ಪ್ರೀಮಿಯರ್ ಡ್ಯಾನಿಯೆಲ್ ಸ್ಮಿತ್ ಸರ್ಕಾರ ಹೊಸ ರಿನ್ಯೂವಬಲ್ ಯೋಜನೆಗಳ ಅನುಮತಿಗೆ ಏಳು ತಿಂಗಳು ತಡೆ ಹಾಕಿತು. ಕೊಟ್ಟ ಕಾರಣಗಳು: ಕೃಷಿ ಭೂಮಿ ಹೋಗುತ್ತೆ, ಗ್ರಿಡ್‌ಗೆ ಭರವಸೆ ಇಲ್ಲ, ಪ್ಯಾನೆಲ್‌ಗಳ ಆಯಸ್ಸು ಮುಗಿದಮೇಲೆ ಜಾಗ ಕ್ಲೀನ್ ಮಾಡೋರು ಯಾರು? ತಡೆ ತೆಗೆದಮೇಲೆ ಹೊಸ ನಿಯಮ ಬಂತು. ಜಾಗ ಮೊದಲಿನ ಹಾಗೆ ಮಾಡಿಕೊಡೋಕೆ ಡೆವಲಪರ್‌ಗಳು ಭದ್ರತಾ ಠೇವಣಿ ಇಡಬೇಕು.

ನೋಡಿ, ಪ್ರಶ್ನೆ ಸರಿಯಾಗಿದೆ. ಕ್ಲೀನ್ ಮಾಡೋರು ಯಾರು ಅಂತ ಕೇಳಲೇಬೇಕು. ಹಾಗಾದ್ರೆ ಅದೇ ಪ್ರಶ್ನೆಯನ್ನ ಮರಳು ಗಣಿಗೂ ಕೇಳೋಣ. ಗಣಿಗಳನ್ನ ಮುಚ್ಚಿ ನೆಲ ಸರಿಪಡಿಸೋ ಖರ್ಚು 4,000 ಕೋಟಿ ಡಾಲರ್‌ಗೂ ಮೇಲೆ ಅಂತ ನಿಯಂತ್ರಣ ಸಂಸ್ಥೆಯ ಲೆಕ್ಕವೇ ಹೇಳುತ್ತೆ. ಕಂಪನಿಗಳಿಂದ ಹಿಡಿದಿಟ್ಟಿರೋ ಠೇವಣಿ? 200 ಕೋಟಿಗೂ ಕಡಿಮೆ. ಇಷ್ಟು ವರ್ಷದಲ್ಲಿ ಪೂರ್ತಿ ಸರಿಪಡಿಸಿದ್ದಾಯ್ತು ಅಂತ ಸರ್ಕಾರದ ಸರ್ಟಿಫಿಕೇಟ್ ಪಡೆದ ಗಣಿ ಪ್ರದೇಶದ ಪ್ರಸಿದ್ಧ ಉದಾಹರಣೆ ಸಿಂಕ್ರೂಡ್‌ನ ಗೇಟ್‌ವೇ ಹಿಲ್, 104 ಹೆಕ್ಟೇರ್. ಸೋಲಾರ್‌ನವನಿಗೆ ಅಡ್ವಾನ್ಸ್ ಕಡ್ಡಾಯ, ಗಣಿಯವನಿಗೆ ಉದ್ರಿ ಖಾತೆ.

1962ರ ಬ್ರೇಕ್ ನೆನಪು ಮಾಡ್ಕೊಳ್ಳಿ. ಹಳೇ ಎನರ್ಜಿಗಾಗಿ ಹೊಸದನ್ನ ತಡೆದು ನಿಲ್ಲಿಸಿದ್ರು. ಅವತ್ತು ತಡೆಸಿಕೊಂಡ ಕೂಸೇ ಇವತ್ತು ಮನೆ ಯಜಮಾನ.

ಕೊನೆಗೆ ಉಳಿತಾಯದ ಪುಸ್ತಕ

"ಎಣ್ಣೆ ದುಡ್ಡಲ್ಲೇ ಹಸಿರು ಶಕ್ತಿಗೆ ಹೋಗೋಣ, ಸ್ವಲ್ಪ ಟೈಮ್ ಕೊಡಿ" ಅನ್ನೋ ವಾದವೂ ಇದೆ. ಕೇಳೋಕೆ ನ್ಯಾಯವಾಗಿದೆ. ಲಾಹೀಡ್ 1976ರಲ್ಲೇ ಅದಕ್ಕೊಂದು ದಾರಿ ಹಾಕಿದ್ದ. ಹೆರಿಟೇಜ್ ಫಂಡ್ ಅಂತ. ಖನಿಜ ಆದಾಯದ ಶೇ. 30 ಅದಕ್ಕೆ ಹೋಗಬೇಕಿತ್ತು. 1983ರಲ್ಲಿ ಅದನ್ನ ಶೇ. 15 ಮಾಡಿದ್ರು, 1987ರಲ್ಲಿ ಹಾಕೋದನ್ನೇ ನಿಲ್ಲಿಸಿದ್ರು. 2023ರ ಕೊನೆಗೆ ಅದರಲ್ಲಿದ್ದದ್ದು ಸುಮಾರು 2,000 ಕೋಟಿ ಕೆನಡಾ ಡಾಲರ್. ನಾರ್ವೆ ತನ್ನ ತೈಲ ನಿಧಿಗೆ ಮೊದಲ ಕಂತು ಹಾಕಿದ್ದು 1996ರಲ್ಲಿ, 20 ವರ್ಷ ತಡವಾಗಿ. ಅದು 1 ಲಕ್ಷ ಕೋಟಿ ಅಮೆರಿಕನ್ ಡಾಲರ್ ದಾಟಿದೆ. ನಾರ್ವೆ ಒಂದು ದೇಶ, ಆಲ್ಬರ್ಟಾ ಒಂದು ಪ್ರಾಂತ್ಯ, ಕೇಂದ್ರಕ್ಕೂ ತೆರಿಗೆ ಹೋಗುತ್ತೆ. ಹೋಲಿಕೆ ಪೂರ್ತಿ ಸರಿಯಲ್ಲ, ಒಪ್ಪಿದೆ. ಆದರೂ ಅಷ್ಟು ದೊಡ್ಡ ಅಂತರಕ್ಕೆ ಅದೊಂದೇ ಕಾರಣ ಅಲ್ಲ.

ಸಾರ್ವಜನಿಕ ದುಡ್ಡು ಎಣ್ಣೆ ಕಡೆ ಹರಿಯೋದು ನಿಂತೂ ಇಲ್ಲ. ಟ್ರಾನ್ಸ್ ಮೌಂಟನ್ ಪೈಪ್‌ಲೈನನ್ನ ಕೇಂದ್ರ ಸರ್ಕಾರ 2018ರಲ್ಲಿ 450 ಕೋಟಿ ಡಾಲರ್‌ಗೆ ಕೊಂಡಿತು. ವಿಸ್ತರಣೆ 2024ರ ಮೇನಲ್ಲಿ ಮುಗಿಯೋ ಹೊತ್ತಿಗೆ ಅದರ ಖರ್ಚು ಸುಮಾರು 3,400 ಕೋಟಿ ಡಾಲರ್ ಆಗಿತ್ತು.

ಹಾಗಾಗಿ ಮುಂದಿನ ಸಲ ಯಾರಾದ್ರೂ "ಹಸಿರು ಶಕ್ತಿ ಸಬ್ಸಿಡಿ ಇಲ್ಲದೆ ನಿಲ್ಲಲ್ಲ" ಅಂದ್ರೆ, ಮರಳಿನ ಎಣ್ಣೆ ಎಷ್ಟು ವರ್ಷ ಯಾರ ದುಡ್ಡಲ್ಲಿ ನಿಂತಿತ್ತು ಅಂತ ಕೇಳಿ. ಹಾಗೇ ಯಾರಾದ್ರೂ "ನಾಳೆನೇ ನಿಲ್ಲಿಸಿ" ಅಂದ್ರೆ, ಆ ವೆಲ್ಡರ್‌ಗೆ ನಾಡಿದ್ದು ಸಂಬಳ ಕೊಡೋರು ಯಾರು ಅಂತಾನೂ ಕೇಳಿ. ಮರಳಿಗೆ ತೋರಿಸಿದ ತಾಳ್ಮೆಯಲ್ಲಿ ಅರ್ಧದಷ್ಟನ್ನ ಬಿಸಿಲಿಗೂ, ಆ ಕೆಲಸಗಾರರಿಗೂ ತೋರಿಸಿದ್ರೆ ಸಾಕು ಅನ್ನೋದು ನನ್ನ ಲೆಕ್ಕ.

ಆ ಕೆಳಗಿನ ಊರು ಏನಾಯ್ತು ಅಂತ ಹೇಳಿ ಮುಗಿಸ್ತೀನಿ. ಫೋರ್ಟ್ ಚಿಪೆವಾಯನ್‌ಗೆ ವರ್ಷಪೂರ್ತಿ ರಸ್ತೆ ಇಲ್ಲ. ಪ್ರಾಂತ್ಯದ ಗ್ರಿಡ್ ಅಲ್ಲಿಗೆ ತಲುಪಿಲ್ಲ, ಕರೆಂಟ್ ಬರೋದು ಡೀಸೆಲ್ ಜನರೇಟರ್‌ನಿಂದ. ಆ ಡೀಸೆಲ್ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಹಾದಿ ಮೇಲೆ ಟ್ಯಾಂಕರ್‌ಗಳಲ್ಲಿ ಬರಬೇಕು. ಜಗತ್ತಿಗೆ ಎಣ್ಣೆ ಕೊಡೋ ನದಿಯ ಬಾಯಲ್ಲಿ ಈ ಪರಿಸ್ಥಿತಿ. 2020ರಲ್ಲಿ ಅಲ್ಲಿನ ಮೂರು ಸಮುದಾಯಗಳು, ಅಥಾಬಾಸ್ಕಾ ಚಿಪೆವಾಯನ್, ಮಿಕಿಸ್ಯೂ ಕ್ರೀ ಮತ್ತು ಮೆಟಿ ಜನ, ಸೇರಿ ಸ್ವಂತದ್ದೊಂದು ಸೌರ ಘಟಕ ನಡೆಸೋಕೆ ಶುರು ಮಾಡಿದ್ರು. 2.2 ಮೆಗಾವ್ಯಾಟ್, 5,760 ಪ್ಯಾನೆಲ್. ಊರಿನ ಕಾಲು ಭಾಗ ವಿದ್ಯುತ್ ಅಲ್ಲಿಂದ, ವರ್ಷಕ್ಕೆ ಸುಮಾರು 8 ಲಕ್ಷ ಲೀಟರ್ ಡೀಸೆಲ್ ಉಳಿತಾಯ. ಇದಕ್ಕೂ ಸರ್ಕಾರದ ದುಡ್ಡು ಸಿಕ್ಕಿದೆ, ಹೌದು. ಉಳಿದ ಮುಕ್ಕಾಲು ಭಾಗಕ್ಕೆ ಇನ್ನೂ ಡೀಸೆಲ್ಲೇ ಉರೀತಿದೆ.

ಇವತ್ತಿಗೆ ಇಷ್ಟೇ. ನಿಮ್ಮ ಊರಿನ ಹತ್ತಿರ ವಿಂಡ್‌ಮಿಲ್ಲೋ ಸೋಲಾರ್ ಪಾರ್ಕೋ ಇದ್ರೆ, ಅಲ್ಲಿ ಲಾಭ ಯಾರಿಗೆ, ಖರ್ಚು ಯಾರಿಗೆ ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.